ಬರೆಯದೆ ಬಿಟ್ಟ ಪುಸ್ತಕ

ಎರಡು ಮಳೆಗಾಲದ ಹಿಂದಿನ ಮಾತು. ಡೊಂಬಿವಲಿಯಿಂದ ಥಾಣೆಗೆ ಹೋಗುವ ಬೆಳಗಿನ ಲೋಕಲ್‌ನಲ್ಲಿ, ಒಂದು ಕೈಯಲ್ಲಿ ಮೇಲಿನ ಹಿಡಿಕೆ, ಇನ್ನೊಂದು ಕೈಯಲ್ಲಿ ಫೋನು ಹಿಡಿದು ನಾನೊಂದು ಸಾಲು ಟೈಪು ಮಾಡಿದೆ. ತಾಂತ್ರಿಕ ನಿರ್ವಹಣೆಯ ಕಾರಣ ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲ, ಸಾರ್ವಜನಿಕರು ಸಹಕರಿಸಬೇಕು ಎಂಬ ಸಾಲು. ಥಾಣೆಯಲ್ಲಿ ಇಳಿದು ಐರೋಲಿಯ ಗಾಡಿ ಹಿಡಿಯುವಷ್ಟರಲ್ಲಿ ಅದು ಮರಾಠಿಗೆ ತಿರುಗಿ, ಒಂದು ಸರ್ಕಾರಿ ಇಲಾಖೆಯ ಪತ್ರಿಕಾ ಹೇಳಿಕೆಯಾಗಿ ಹೊರಬಿದ್ದಿತ್ತು. ಮರುದಿನ ಪೇಪರಿನ ಒಳಪುಟದಲ್ಲಿ ನನ್ನ ವಾಕ್ಯವೇ ಒಬ್ಬ ಅಧಿಕಾರಿಯ ಬಾಯಿಂದ ಬಂದ ಮಾತಾಗಿ ಅಚ್ಚಾಯಿತು.

ನಿರ್ವಹಣೆ ಅನ್ನುವುದು ಏನೂ ಇರಲಿಲ್ಲ. ಹಿಂದಿನ ರಾತ್ರಿ ನಮ್ಮವರೇ ಹಾಕಿದ ಅಪ್‌ಡೇಟು ಕೆಟ್ಟು, ಎರಡು ದಿನ ಜನ ತುಂಬಿದ್ದ ಅರ್ಜಿಗಳು ಅಳಿಸಿಹೋಗಿದ್ದವು. ಮತ್ತೆ ಅರ್ಜಿ ಹಾಕಿ ಎಂದು ನೇರವಾಗಿ ಹೇಳಿದ್ದರೆ ಅವರು ಅವತ್ತೇ ಮತ್ತೆ ಹಾಕುತ್ತಿದ್ದರು. ನಾವು ಹೇಳಲಿಲ್ಲ. ಹೇಳಬಾರದು ಎಂದು ಮೇಲಿನಿಂದ ಬಂದಿತ್ತು, ನಾನು ಅದಕ್ಕೆ ತಕ್ಕ ಭಾಷೆ ಒದಗಿಸಿದೆ. ಕೊನೆಯ ದಿನ ಕಳೆದ ಮೇಲೆ ಎಷ್ಟು ಮಂದಿಗೆ ತಮ್ಮ ಅರ್ಜಿ ಇಲ್ಲವೇ ಇಲ್ಲ ಎಂದು ಗೊತ್ತಾಯಿತೋ, ಆ ಲೆಕ್ಕ ನಮ್ಮ ವರದಿಯಲ್ಲಿ ಬರಲಿಲ್ಲ.

ಪ್ರಾಜೆಕ್ಟ್ ಮ್ಯಾನೇಜರುಗಳು ಇದಕ್ಕೆ 'ಕಮ್ಯುನಿಕೇಶನ್ ಪ್ಲ್ಯಾನ್' ಅನ್ನುತ್ತೇವೆ. ಯಾರಿಗೆ, ಏನು, ಯಾವಾಗ, ಯಾರ ಹೆಸರಿನಲ್ಲಿ ಹೇಳಬೇಕು ಎಂಬ ನಾಲ್ಕು ಕಾಲಮ್ಮಿನ ಕೋಷ್ಟಕ. ಏನು ಹೇಳಬಾರದು ಎಂಬ ಐದನೇ ಕಾಲಮ್ಮು ಇರುತ್ತದೆ, ಅದನ್ನು ಯಾರೂ ಬರೆದಿಡುವುದಿಲ್ಲ. ಎಂ.ಟೆಕ್‌ನಲ್ಲಿ ಕಲಿಸದ ಈ ಕೆಲಸವನ್ನು ನಮಗಿಂತ ಮುಂಚೆ ಯಾರು ಮಾಡುತ್ತಿದ್ದರು, ಅವರಿಗೆ ರಾತ್ರಿ ನಿದ್ದೆ ಬರುತ್ತಿತ್ತೇ ಎಂಬ ಕುತೂಹಲ ಆಗ ಹತ್ತಿತು. ಹುಡುಕುತ್ತ ಹೋದಾಗ ಸಿಕ್ಕವರು ಹೊಳೆನರಸೀಪುರ ಯೋಗನರಸಿಂಹ ಶಾರದಾಪ್ರಸಾದ್. ನಮ್ಮ ನಾಡಿನವರು, ನಮ್ಮ ಹಾಗೆಯೇ ಹೊಟ್ಟೆಪಾಡಿಗೆ ಮುಂಬೈಗೆ ಬಂದವರು.

ಮೊದಲು ಆ ಕಚೇರಿಗಳ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1919ರಲ್ಲಿ ಬ್ರಿಟಿಷ್ ಸರ್ಕಾರ ಸಿಮ್ಲಾದಲ್ಲಿ ಗೃಹ ಇಲಾಖೆಯ ಕೆಳಗೆ ಒಂದು ಸಣ್ಣ ಪ್ರಚಾರ ಘಟಕ ತೆರೆಯಿತು. ಜಲಿಯನ್‌ವಾಲಾ ಬಾಗ್ ನಡೆದ ವರ್ಷವೇ ಅದು ಎಂಬುದನ್ನು ನೆನಪಿಡಬೇಕು. ಅಲಹಾಬಾದ್ ವಿಶ್ವವಿದ್ಯಾಲಯದ ರಶ್‌ಬ್ರೂಕ್ ವಿಲಿಯಮ್ಸ್ ಎಂಬ ಇತಿಹಾಸದ ಪ್ರಾಧ್ಯಾಪಕರು ಅದರ ಮೊದಲ ಮುಖ್ಯಸ್ಥರು. ಭಾರತ ಹೇಗೆ ನಡೆಯುತ್ತಿದೆ ಎಂದು ಬ್ರಿಟಿಷ್ ಪಾರ್ಲಿಮೆಂಟಿಗೆ ವರ್ಷವರ್ಷವೂ ವರದಿ ಬರೆದುಕೊಡುವುದು ಅಲ್ಲಿಯ ಮುಖ್ಯ ಕೆಲಸ. ಕಟ್ಟಡ ಬದಲಾಯಿತು, ಹೆಸರು ಎರಡು ಮೂರು ಸಲ ಬದಲಾಯಿತು. 1941ರಲ್ಲಿ ಜೆ. ನಟರಾಜನ್ ಮುಖ್ಯಸ್ಥರಾದ ಮೊದಲ ಭಾರತೀಯರಾದರು. 1946ರಲ್ಲಿ ಅದಕ್ಕೆ ಪ್ರೆಸ್ ಇನ್ಫರ್ಮೇಷನ್ ಬ್ಯೂರೋ ಎಂಬ ಈಗಿನ ಹೆಸರು ಬಂತು. ಸ್ವಾತಂತ್ರ್ಯ ಬಂದಾಗ ಯಜಮಾನರು ಬದಲಾದರು, ಸೈಕ್ಲೋಸ್ಟೈಲ್ ಯಂತ್ರ ಅದೇ ಉಳಿಯಿತು.

ಶಾರದಾಪ್ರಸಾದರು ಈ ಬ್ಯೂರೋದಲ್ಲಿ ಬೆಳೆದವರಲ್ಲ. ಅವರು ಈ ಕೆಲಸಕ್ಕೆ ಬಂದದ್ದು ಎದುರು ದಿಕ್ಕಿನಿಂದ, ಜೈಲಿನ ಕಡೆಯಿಂದ. ಹುಟ್ಟಿದ್ದು 1924ರ ಏಪ್ರಿಲ್ 15. ತಂದೆ ಯೋಗನರಸಿಂಹ ಸಂಸ್ಕೃತ ವಿದ್ವಾಂಸರು, ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದಾಗ 1942ರ ಚಲೇಜಾವ್ ಚಳವಳಿ ಬಂತು. ಹುಡುಗ ವಿದ್ಯಾರ್ಥಿ ಮುಖಂಡ, ಸಹಜವಾಗಿ ಜೈಲು ಸೇರಿದ. ಅಲ್ಲಿ ದಿನಚರಿ ಬರೆದ. ಹತ್ತೊಂಬತ್ತರ ಹುಡುಗನ ಆ ದಿನಚರಿ ಅವರು ತೀರಿಕೊಂಡ ಮೇಲೆ 'ಎ ವಿಂಡೋ ಆನ್ ದ ವಾಲ್' ಎಂಬ ಹೆಸರಿನಲ್ಲಿ ಪುಸ್ತಕವಾಯಿತು. ಗೋಡೆಯಲ್ಲೊಂದು ಕಿಟಕಿ. ಈ ದಿನಚರಿಯನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ಬಿಡುಗಡೆಯಾಗಿ, ಓದು ಮುಗಿಸಿ, 1945ರಲ್ಲಿ ಮುಂಬೈಗೆ ಬಂದು ಇಂಡಿಯನ್ ಎಕ್ಸ್‌ಪ್ರೆಸ್ ಬಳಗ ಸೇರಿದರು. ಮುಂದಿನ ಹನ್ನೊಂದು ಹನ್ನೆರಡು ವರ್ಷ ಈ ಊರೇ ಅವರ ಊರು. ಅವರ ತಮ್ಮ ನಾರಾಯಣ ದತ್ತ ಕೂಡ ಮುಂಬೈಯಲ್ಲೇ ನೆಲೆನಿಂತು 'ನವನೀತ' ಎಂಬ ಹಿಂದಿ ಮಾಸಿಕದ ಸಂಪಾದಕರಾಗಿ ಹೆಸರು ಮಾಡಿದರು. ಕನ್ನಡದ ಮನೆಯಿಂದ ಬಂದವರು ಮರಾಠಿ ಊರಿನಲ್ಲಿ ಕೂತು ಹಿಂದಿ ಪತ್ರಿಕೆ ನಡೆಸಿದ್ದು! ಇಲ್ಲಿ ಬದುಕಿದವರಿಗೆ ಇದು ಅಷ್ಟೇನೂ ಆಶ್ಚರ್ಯವಲ್ಲ, ನಮ್ಮ ಸೊಸೈಟಿಯ ಮೀಟಿಂಗೂ ಹೀಗೆಯೇ ಮೂರು ಭಾಷೆಯಲ್ಲಿ ನಡೆಯುತ್ತದೆ. 1955-56ರಲ್ಲಿ ಅಣ್ಣನಿಗೆ ಹಾರ್ವರ್ಡಿನ ನೀಮನ್ ಫೆಲೋಶಿಪ್ ಸಿಕ್ಕಿತು. ಪತ್ರಿಕೋದ್ಯಮದಲ್ಲೇ ಮುಂದುವರಿದಿದ್ದರೆ ದೊಡ್ಡ ಸಂಪಾದಕರಾಗುತ್ತಿದ್ದರು ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ 1957ರಲ್ಲಿ ಯೋಜನಾ ಆಯೋಗಕ್ಕೆ ಒಂದು ಪತ್ರಿಕೆ ಬೇಕಾಯಿತು. ಎರಡನೇ ಪಂಚವಾರ್ಷಿಕ ಯೋಜನೆ ಶುರುವಾಗಿ ವರ್ಷವಾಗಿತ್ತು. ಅಣೆಕಟ್ಟು, ಉಕ್ಕಿನ ಕಾರ್ಖಾನೆ, ಸಮುದಾಯ ಅಭಿವೃದ್ಧಿ ಎಂದು ಕೋಟಿಗಟ್ಟಲೆ ಸುರಿಯುತ್ತಿದ್ದರೂ ಅದು ಯಾಕೆ, ಯಾರಿಗೆ ಎಂದು ಜನಕ್ಕೆ ತಿಳಿಸುವವರಿರಲಿಲ್ಲ. ಆ ವರ್ಷದ ಗಣರಾಜ್ಯೋತ್ಸವದ ದಿನ 'ಯೋಜನಾ' ಹೊರಬಂತು. ಮೊದಲ ಸಂಪಾದಕರು ಖುಷ್ವಂತ್ ಸಿಂಗ್. ಜೊತೆಗೆ ಸೇರಿದ ಶಾರದಾಪ್ರಸಾದರು ಆಮೇಲೆ ತಾವೇ ಸಂಪಾದಕರಾದರು. ಯುಪಿಎಸ್‌ಸಿಗೆ ಓದುವ ಹುಡುಗ ಹುಡುಗಿಯರು ಈಗಲೂ ಹಳದಿ ಮಾರ್ಕರ್ ಹಿಡಿದು ಗೀಟು ಹಾಕುವ 'ಯೋಜನಾ' ಇದೇ, ಕನ್ನಡದಲ್ಲೂ ಬರುತ್ತದೆ. ಸರ್ಕಾರಿ ಪತ್ರಿಕೆಯೊಂದು ಸರ್ಕಾರದ ಯೋಜನೆಯನ್ನೇ ಚರ್ಚೆಗೆ ಇಡಬಹುದು ಎಂಬ ನಂಬಿಕೆ ಆ ಕಾಲಕ್ಕಿತ್ತು. ಜೈಲಿಗೆ ಹೋಗಿ ಬಂದ ತರುಣನಿಗೆ ಸರ್ಕಾರ ಆಗ 'ಅವರದು' ಆಗಿರಲಿಲ್ಲ, 'ನಮ್ಮದು' ಆಗಿತ್ತು. ಇಂದು ಸರ್ಕಾರಿ ಪ್ರಚಾರ ಎಂದರೆ ಮೂಗು ಮುರಿಯುವ ನಾವು ಆ ವ್ಯತ್ಯಾಸ ಅರ್ಥ ಮಾಡಿಕೊಳ್ಳದಿದ್ದರೆ ಇವರ ಮುಂದಿನ ಬದುಕು ತಿಳಿಯುವುದಿಲ್ಲ.

1966ರ ಜನವರಿ 24ರಂದು ಇಂದಿರಾ ಗಾಂಧಿ ಪ್ರಧಾನಿಯಾದರು. ಮಾಹಿತಿ ಸಲಹೆಗಾರರಾಗಿ ಟೈಮ್ಸ್ ಆಫ್ ಇಂಡಿಯಾದ ಪತ್ರಕರ್ತ ಬಿ.ಜಿ. ವರ್ಗೀಸ್ ಬಂದರು, ಅವರ ಕೈಕೆಳಗೆ ಶಾರದಾಪ್ರಸಾದ್. 1969ರಲ್ಲಿ ವರ್ಗೀಸ್ ಹಿಂದೂಸ್ತಾನ್ ಟೈಮ್ಸ್‌ಗೆ ಸಂಪಾದಕರಾಗಿ ಹೊರಟರು, ಆ ಕುರ್ಚಿಗೆ ಇವರು ಬಂದರು. ಒಂದೇ ಕಚೇರಿಯಿಂದ ಇಬ್ಬರು ಎರಡು ದಾರಿ ಹಿಡಿದ ಗಳಿಗೆ ಅದು.

ಆ ಕುರ್ಚಿಯ ಕೆಲಸ ಏನು? ಭಾಷಣ ಬರೆಯುವುದು ಎಂದಷ್ಟೇ ನಾವು ತಿಳಿದುಕೊಂಡಿರುತ್ತೇವೆ. ಭಾಷಣ ಅದರ ಒಂದು ಪಾಲು. ಬೆಳಿಗ್ಗೆ ಎಲ್ಲ ಪತ್ರಿಕೆಗಳ ಸಾರ ಪ್ರಧಾನಿಯ ಮುಂದೆ ಇಡಬೇಕು. ಹೊರದೇಶದ ಪತ್ರಕರ್ತರಲ್ಲಿ ಯಾರಿಗೆ ಸಂದರ್ಶನ, ಯಾರಿಗೆ ಇಲ್ಲ ಎಂದು ಸಲಹೆ ಕೊಡಬೇಕು. ಶತಮಾನೋತ್ಸವ, ಸ್ಮರಣಸಂಚಿಕೆ, ಸಮ್ಮೇಳನ ಎಂದು ದೇಶದ ಮೂಲೆಮೂಲೆಯಿಂದ ಬರುವ 'ಸಂದೇಶ ಕಳಿಸಿ' ಎಂಬ ಕೋರಿಕೆಗಳಿಗೆ ಒಂದೊಂದಕ್ಕೂ ನಾಲ್ಕು ಸಾಲು ಹೊಂದಿಸಬೇಕು. ನಮ್ಮ ಸಂಘಗಳ ಹಳೆಯ ಸ್ಮರಣಸಂಚಿಕೆ ತೆರೆದರೆ ಮೊದಲ ಪುಟಗಳಲ್ಲಿ ಗಣ್ಯರ ಇಂಥ ಸಂದೇಶಗಳು ಸಾಲಾಗಿ ಇರುತ್ತವಲ್ಲ, ಅವನ್ನು ಬರೆದ ಕೈ ಯಾವುದು ಎಂದು ನಾವು ಎಂದೂ ಕೇಳಿದವರಲ್ಲ. ಸಹಿ ಗಣ್ಯರದು, ವ್ಯಾಕರಣ ಇನ್ನೊಬ್ಬರದು. ಭಾಷಣದ ಪ್ರತಿಯನ್ನು ಪತ್ರಿಕೆಗಳಿಗೆ ಮುಂಚೆಯೇ ಹಂಚಿದಾಗ ಅದರ ಮೇಲೆ 'ಆಡಿದ ಮಾತಿನೊಂದಿಗೆ ತಾಳೆ ನೋಡಿಕೊಳ್ಳಿ' ಎಂಬ ಅರ್ಥದ ಒಂದು ಸೂಚನೆ ಅಚ್ಚಾಗಿರುವುದು ಈ ವೃತ್ತಿಯ ವಾಡಿಕೆ. ಬರೆದವನಿಗೂ ಆಡುವವರಿಗೂ ನಡುವಿನ ಸಂದು ಆ ಒಂದು ಸೂಚನೆಯಲ್ಲಿದೆ.

ಬ್ಯಾಂಕ್ ರಾಷ್ಟ್ರೀಕರಣ, ಕಾಂಗ್ರೆಸ್ ಒಡೆದದ್ದು, 1971ರ ಯುದ್ಧ ಎಲ್ಲವೂ ಅವರು ಆ ಕಚೇರಿಯಲ್ಲಿದ್ದ ಕಾಲದಲ್ಲೇ ಆದವು. ಅದನ್ನೆಲ್ಲ ಬಿಟ್ಟು ನಾನು ನೇರ 1975ಕ್ಕೆ ಬರುತ್ತೇನೆ, ನನಗೆ ಬೇಕಾದ ಪ್ರಶ್ನೆ ಇರುವುದು ಅಲ್ಲಿ.

ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಘೋಷಣೆಯಾಯಿತು. ದಿಲ್ಲಿಯ ಬಹದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳ ಕರೆಂಟು ಹೋಯಿತು. ಬೆಳಿಗ್ಗೆ ಆಕಾಶವಾಣಿಯಲ್ಲಿ ಪ್ರಧಾನಿ ಗಾಬರಿಪಡುವಂಥದ್ದು ಏನೂ ಇಲ್ಲ ಎಂದರು. ಕೆಲವೇ ದಿನಗಳಲ್ಲಿ ವಾರ್ತಾ ಮಂತ್ರಿ ಐ.ಕೆ. ಗುಜ್ರಾಲರನ್ನು ಆ ಖಾತೆಯಿಂದ ಎತ್ತಿ ವಿ.ಸಿ. ಶುಕ್ಲಾರನ್ನು ಕೂರಿಸಿದರು. ಅಚ್ಚಾಗುವ ಮುಂಚೆ ಪ್ರತಿ ಸುದ್ದಿಯೂ ಸೆನ್ಸಾರ್ ಅಧಿಕಾರಿಯ ಮೇಜು ದಾಟಬೇಕಾಯಿತು. ಶಾರದಾಪ್ರಸಾದರು ಉದ್ಯೋಗ ಶುರುಮಾಡಿದ ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗ ಖಾಲಿ ಬಿಟ್ಟು ಪತ್ರಿಕೆ ತಂದಿತು. ಮುಂಬೈಯ ಟೈಮ್ಸ್‌ನ ನಿಧನವಾರ್ತೆಯ ಅಂಕಣದಲ್ಲಿ ಯಾರೋ ಹೆಸರಿನ ಅಕ್ಷರ ತಿರುಚಿ ಪ್ರಜಾಪ್ರಭುತ್ವ ತೀರಿಕೊಂಡಿತೆಂದು ಜಾಹೀರಾತು ಹಾಕಿದರು. ಸೆನ್ಸಾರಿಗೆ ಅದು ಗೊತ್ತಾಗಲಿಲ್ಲ. ಮುಂದೆ ಪಿಟಿಐ, ಯುಎನ್ಐ ಸೇರಿ ನಾಲ್ಕು ಸುದ್ದಿಸಂಸ್ಥೆಗಳನ್ನು ಒಟ್ಟುಗೂಡಿಸಿ 'ಸಮಾಚಾರ್' ಎಂದು ಒಂದೇ ಮಾಡಿದರು. ಹೇಳಿದ ಕಾರ್ಯಕ್ರಮದಲ್ಲಿ ಹಾಡಲು ಒಪ್ಪದ ಕಿಶೋರ್ ಕುಮಾರ್ ದನಿ ಆಕಾಶವಾಣಿಯಿಂದ ಮಾಯವಾಯಿತು.

ವರ್ಗೀಸ್ ಏನಾದರು? ಸಿಕ್ಕಿಮ್ ವಿಚಾರದಲ್ಲೂ ಬೇರೆ ವಿಚಾರಗಳಲ್ಲೂ ಸರ್ಕಾರವನ್ನು ಟೀಕಿಸಿದ್ದ ಅವರು ಅದೇ 1975ರಲ್ಲಿ ಹಿಂದೂಸ್ತಾನ್ ಟೈಮ್ಸ್‌ನ ಕೆಲಸ ಕಳೆದುಕೊಂಡರು. ಅದೇ ವರ್ಷ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು. ಮಂಗಳೂರಿನಿಂದ ಮುಂಬೈಗೆ ಬಂದು ಕಾರ್ಮಿಕ ನಾಯಕರಾದ ಜಾರ್ಜ್ ಫೆರ್ನಾಂಡಿಸ್ ಭೂಗತರಾಗಿ, 1976ರ ಜೂನ್‌ನಲ್ಲಿ ಕಲ್ಕತ್ತೆಯಲ್ಲಿ ಸಿಕ್ಕಿಬಿದ್ದರು. ಸ್ನೇಹಲತಾ ರೆಡ್ಡಿ ಬೆಂಗಳೂರು ಜೈಲಿನಲ್ಲಿ ಉಬ್ಬಸದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಶಿವರಾಮ ಕಾರಂತರು ತಮ್ಮ ಪದ್ಮಭೂಷಣವನ್ನು ವಾಪಸು ಮಾಡಿದರು.

ಶಾರದಾಪ್ರಸಾದರು ಕುರ್ಚಿಯಲ್ಲೇ ಇದ್ದರು.

ಅವರ ಪರವಾಗಿ ಹೇಳುವ ಮಾತು ಒಂದಿದೆ, ಅದು ನಿಜವೂ ಹೌದು. ಸೆನ್ಸಾರ್ ವ್ಯವಸ್ಥೆ ವಾರ್ತಾ ಮಂತ್ರಾಲಯದ್ದು, ಶುಕ್ಲಾರ ಕೈಯಲ್ಲಿದ್ದದ್ದು. ಪ್ರಧಾನಿ ಕಚೇರಿಯ ಮಾಹಿತಿ ಸಲಹೆಗಾರನ ಮೇಜಿನಿಂದ ಅದು ನಡೆಯುತ್ತಿರಲಿಲ್ಲ. 1977ರಲ್ಲಿ ಜನತಾ ಸರ್ಕಾರ ಸಮೂಹ ಮಾಧ್ಯಮಗಳ ದುರ್ಬಳಕೆಯ ಬಗ್ಗೆ ಶ್ವೇತಪತ್ರ ಹೊರಡಿಸಿದಾಗ ಅದರ ಬೊಟ್ಟು ತಿರುಗಿದ್ದೂ ಮುಖ್ಯವಾಗಿ ಆ ಮಂತ್ರಾಲಯದ ಕಡೆಗೆ. ಹೊಸ ಸರ್ಕಾರದ ಕಾಲದಲ್ಲೇ, 1978ರಿಂದ 1980ರವರೆಗೆ, ಶಾರದಾಪ್ರಸಾದರು ದಿಲ್ಲಿಯ ಭಾರತೀಯ ಸಮೂಹ ಸಂವಹನ ಸಂಸ್ಥೆಯ ನಿರ್ದೇಶಕರಾಗಿದ್ದರು, ಅಂದರೆ ಮುಂದಿನ ಪೀಳಿಗೆಯ ಪತ್ರಕರ್ತರನ್ನು ತಯಾರು ಮಾಡುವ ಜಾಗದಲ್ಲಿ. ಕೈ ಕೊಳೆಯಾಗಿದ್ದವರನ್ನು ಅಲ್ಲಿ ಕೂರಿಸುತ್ತಿರಲಿಲ್ಲ ಎಂದು ವಾದಿಸಬಹುದು.

ನಮ್ಮ ಕಂಪನಿಯಲ್ಲಿ ಈ ವಾದಕ್ಕೆ ಒಂದು ಹೆಸರಿದೆ: 'ನಾಟ್ ಇನ್ ಸ್ಕೋಪ್.' ಅರ್ಜಿ ಅಳಿಸಿಹೋದದ್ದು ಡೇಟಾಬೇಸ್ ತಂಡದ ತಪ್ಪು, ಹೇಳಬಾರದೆಂದದ್ದು ಗ್ರಾಹಕರ ನಿರ್ಧಾರ, ನಾನು ವಾಕ್ಯ ಮಾತ್ರ ಬರೆದೆ. ಈ ಮಾತನ್ನು ನಾನು ಎಷ್ಟೋ ಸಲ ನನಗೇ ಹೇಳಿಕೊಂಡಿದ್ದೇನೆ. ಅದಕ್ಕೇ ಶಾರದಾಪ್ರಸಾದರ ಪರ ವಕೀಲಿ ಮಾಡಲು ನನಗೆ ಬಾಯಿ ಬರುವುದಿಲ್ಲ, ಅವರನ್ನು ಕಟಕಟೆಯಲ್ಲಿ ನಿಲ್ಲಿಸಲೂ ಮನಸ್ಸಿಲ್ಲ. ಒಳಗಿದ್ದು ಎಷ್ಟು ಕೆಟ್ಟದ್ದನ್ನು ತಡೆದರೋ, ಎಷ್ಟು ಮಾತಿನ ಮೊನಚು ಮುರಿದರೋ, ಅದರ ಕಾಗದಪತ್ರ ಉಳಿಯುವುದಿಲ್ಲ. ಹೊರಗೆ ಹೋದವನ ರಾಜೀನಾಮೆ ಕಾಗದವಾಗಿ ಉಳಿಯುತ್ತದೆ. ಇತಿಹಾಸ ಕಾಗದ ನೋಡಿ ಬರೆಯುವಂಥದ್ದು, ಒಳಗೇ ಉಳಿದವನಿಗೆ ಅದು ಯಾವಾಗಲೂ ಸ್ವಲ್ಪ ಅನ್ಯಾಯ ಮಾಡುತ್ತದೆ. ಹಾಗೆಂದು ಹತ್ತೊಂಬತ್ತರ ವಯಸ್ಸಿನಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ಜೈಲಿನಲ್ಲಿ ಕೂತು ದಿನಚರಿ ಬರೆದವರು ಐವತ್ತೊಂದರಲ್ಲಿ ಆ ಇಪ್ಪತ್ತೊಂದು ತಿಂಗಳ ದಿನಚರಿ ಬರೆದರೇ ಎಂಬ ಪ್ರಶ್ನೆ ಹೋಗುವುದಿಲ್ಲ.

ಇಲ್ಲಿ ಒಂದು ಅಡ್ಡಮಾತು. ನಮ್ಮ ಸೊಸೈಟಿಯಲ್ಲಿ ಒಬ್ಬರು ಕಾಕಾ ಇದ್ದಾರೆ, ರೈಲ್ವೆಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ತುರ್ತುಪರಿಸ್ಥಿತಿ ಎಂದರೆ ಅವರಿಗೆ ಮೊದಲು ನೆನಪಾಗುವುದು ಕಲ್ಯಾಣದ ಲೋಕಲ್ ಹೇಳಿದ ಹೊತ್ತಿಗೆ ಬರುತ್ತಿತ್ತು ಎಂಬುದು. ಎರಡನೆಯದಾಗಿ, ಅವರ ಪಕ್ಕದ ಮೇಜಿನ ಗೆಳೆಯ ಒಂದು ದಿನ ಕೆಲಸಕ್ಕೆ ಬರಲಿಲ್ಲ, ಯಾಕೆಂದು ಯಾರೂ ಕೇಳಲಿಲ್ಲ ಎಂಬುದು. ಎರಡನ್ನೂ ಒಂದೇ ದನಿಯಲ್ಲಿ ಹೇಳುತ್ತಾರೆ. ಮಾತು ಕಡಿಮೆ, ದುಡಿಮೆ ಹೆಚ್ಚು ಎಂಬ ಆಗಿನ ಘೋಷಣೆಯನ್ನು ಹಿಂದಿಯಲ್ಲಿ ಈಗಲೂ ಬಾಯಿಪಾಠ ಒಪ್ಪಿಸುತ್ತಾರೆ. ಒಳ್ಳೆಯ ಪ್ರಚಾರ ಎಂದರೆ ಅದೇ ಇರಬೇಕು. ಐವತ್ತು ವರ್ಷವಾದರೂ ಘೋಷಣೆ ನೆನಪಿದೆ, ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ.

1980ರಲ್ಲಿ ಇಂದಿರಾ ಮತ್ತೆ ಗೆದ್ದು ಬಂದಾಗ ಶಾರದಾಪ್ರಸಾದರೂ ಅದೇ ಕಚೇರಿಗೆ ಮರಳಿದರು. 1984ರ ಅಕ್ಟೋಬರ್ 30ರಂದು ಪ್ರಧಾನಿ ಭುವನೇಶ್ವರದಲ್ಲಿದ್ದರು. ಭಾಷಣ ಎಂದಿನಂತೆ ಶಾರದಾಪ್ರಸಾದರು ಸಿದ್ಧಮಾಡಿಕೊಟ್ಟದ್ದು. ಇಂದಿರಾ ಅದನ್ನು ಪಕ್ಕಕ್ಕಿಟ್ಟು ತಮ್ಮ ಸಾವಿನ ಬಗ್ಗೆ, ತಮ್ಮ ರಕ್ತದ ಒಂದೊಂದು ಹನಿಯ ಬಗ್ಗೆ ಮಾತಾಡಿದರು ಎಂದು ಆ ದಿನದ ಬಗ್ಗೆ ಬರೆದ ಹಲವರು ಹೇಳಿದ್ದಾರೆ. ಇಷ್ಟು ವರ್ಷ ಒಬ್ಬರಿಗೆ ಭಾಷಣ ಬರೆದುಕೊಟ್ಟವರು. ದೇಶಕ್ಕೆ ಇವತ್ತೂ ಬಾಯಲ್ಲಿ ಉಳಿದಿರುವ ಅವರ ಭಾಷಣ ಇವರು ಬರೆಯದೇ ಇದ್ದದ್ದು. ಮರುದಿನ ಬೆಳಿಗ್ಗೆ ನಟ ಪೀಟರ್ ಉಸ್ತಿನೋವ್ ಸಾಕ್ಷ್ಯಚಿತ್ರಕ್ಕಾಗಿ ಪ್ರಧಾನಿಯ ಸಂದರ್ಶನ ಮಾಡಬೇಕಿತ್ತು. ನಂ. 1, ಅಕ್ಬರ್ ರಸ್ತೆಯ ಹುಲ್ಲುಹಾಸಿನಲ್ಲಿ ಕ್ಯಾಮೆರಾ ತಂಡದ ಜೊತೆ ಶಾರದಾಪ್ರಸಾದರೂ ಕಾಯುತ್ತಿದ್ದರು. ಪಕ್ಕದ ಮನೆಯಿಂದ ಇಂದಿರಾ ನಡೆದುಬರುವ ಹಾದಿಯಲ್ಲಿ ಗುಂಡಿನ ಸದ್ದು ಕೇಳಿಸಿತು.

ಅದಾದ ಮೇಲೆ ಕೆಲವು ವರ್ಷ ರಾಜೀವ್ ಗಾಂಧಿಯವರ ಕಚೇರಿಯಲ್ಲೂ ಇದ್ದು ಹೊರಬಂದರು. ಆಗ ಎಲ್ಲರೂ ಕಾದದ್ದು ಒಂದು ಪುಸ್ತಕಕ್ಕೆ. ಅಷ್ಟು ಹತ್ತಿರದಿಂದ ಅಧಿಕಾರವನ್ನು ನೋಡಿದವರು, ಅಷ್ಟು ಚೆಂದ ಬರೆಯಬಲ್ಲವರು ಬರೆಯದೆ ಇರುತ್ತಾರೆಯೇ? ಪ್ರಧಾನಿಯ ಕಾರ್ಯದರ್ಶಿಯಾಗಿದ್ದ ಪಿ.ಎನ್. ಧರ್ ತುರ್ತುಪರಿಸ್ಥಿತಿಯ ಬಗ್ಗೆ ಇಡೀ ಪುಸ್ತಕ ಬರೆದರು. ಶಾರದಾಪ್ರಸಾದರು 2003ರಲ್ಲಿ ಲೇಖನಗಳ ಒಂದು ಸಂಗ್ರಹ ತಂದರು, ಹೆಸರು 'ದ ಬುಕ್ ಐ ವೋಂಟ್ ಬಿ ರೈಟಿಂಗ್', ನಾನು ಬರೆಯಲಾರದ ಪುಸ್ತಕ. ವಿನೋದವೇ ಅಥವಾ ಬಾಗಿಲಿಗೆ ಹಾಕಿದ ಚಿಲಕವೇ? ನನ್ನ ಮಟ್ಟಿಗೆ ಎರಡೂ. ತಮ್ಮನ್ನು ನಂಬಿದವರ ಗುಟ್ಟನ್ನು ಮಾರಿಕೊಳ್ಳದ ಸಂಕೋಚ ಅದರಲ್ಲಿದೆ, ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ಕಚೇರಿ ಒಬ್ಬರ ಖಾಸಗಿ ಮನೆಯಾಗಿರಲಿಲ್ಲ. ಅಲ್ಲಿ ನಡೆದದ್ದರಲ್ಲಿ ಸ್ನೇಹಲತಾ ರೆಡ್ಡಿಗೂ, ಕಾಕಾರ ಪಕ್ಕದ ಮೇಜಿನವರಿಗೂ ಪಾಲಿತ್ತು. ಅವರಿಗೆ ಸಲ್ಲಬೇಕಾದ ಒಂದು ಅಧ್ಯಾಯವಾದರೂ ಇರಬೇಕಿತ್ತು.

ನಿವೃತ್ತಿಯ ನಂತರ ಅವರು ಸುಮ್ಮನೆ ಕೂರಲಿಲ್ಲ. ನೆಹರೂ ಅವರ ಆಯ್ದ ಬರಹಗಳ ಸಂಪುಟಗಳನ್ನು ಸಂಪಾದಿಸಿದರು. ರಾಷ್ಟ್ರಪತಿ ಭವನದ ಬಗ್ಗೆ ಪುಸ್ತಕ ಬರೆದರು. ಅದಕ್ಕೂ ಮುಂಚೆ, 1981ರಲ್ಲಿ, ಮೈಸೂರಿನ ಗೆಳೆಯ ಟಿ.ಎಸ್. ಸತ್ಯನ್ ಅವರ ಛಾಯಾಚಿತ್ರಗಳ ಜೊತೆ ಕರ್ನಾಟಕದ ಮೇಲೆ ಒಂದು ಪುಸ್ತಕ ತಂದಿದ್ದರು. ಊರು ಬಿಟ್ಟವನು ಊರನ್ನು ಬೇರೆಯವರಿಗೆ ತೋರಿಸುವ ಉತ್ಸಾಹ ನಮಗೆ ಗೊತ್ತಿರುವಂಥದ್ದೇ. 2008ರ ಸೆಪ್ಟೆಂಬರ್ 2ರಂದು ದಿಲ್ಲಿಯಲ್ಲಿ ತೀರಿಕೊಂಡರು.

ಇವೆಲ್ಲದರ ನಡುವೆ ಅವರು ಇಂಗ್ಲಿಷಿಗೆ ತಂದ ಒಂದು ಕನ್ನಡ ಪುಸ್ತಕದ ಬಳಿ ನಾನು ಮತ್ತೆಮತ್ತೆ ಬಂದು ನಿಲ್ಲುತ್ತೇನೆ. ಶಿವರಾಮ ಕಾರಂತರ 'ಹುಚ್ಚು ಮನಸ್ಸಿನ ಹತ್ತು ಮುಖಗಳು.' ಆತ್ಮಕಥೆ ಬರೆಯಲು ಒಪ್ಪದವರು ಕೂತು ಅನುವಾದಿಸಿದ್ದು ಇನ್ನೊಬ್ಬರ ಆತ್ಮಕಥೆ. ಪುಟಪುಟವೂ 'ನಾನು' ಎಂದು ಬರೆಯಬೇಕು, ಆ ನಾನು ತಾನಲ್ಲ. ಇಷ್ಟಾಗಿ ಆ ಇನ್ನೊಬ್ಬರು ಯಾರು? ತುರ್ತುಪರಿಸ್ಥಿತಿಯಲ್ಲಿ ಇವರು ಕೆಲಸ ಮಾಡುತ್ತಿದ್ದ ಸರ್ಕಾರಕ್ಕೆ ಪದಕ ಹಿಂದಿರುಗಿಸಿದ ಮನುಷ್ಯ. ಅನುವಾದ 1993ರಲ್ಲಿ ಭಾರತೀಯ ವಿದ್ಯಾಭವನದಿಂದ, ನಮ್ಮದೇ ಚೌಪಾಟಿಯ ಭವನದಿಂದ, ಪ್ರಕಟವಾಯಿತು. ಇವತ್ತಿಗೂ ನಮ್ಮ ಸಂಘದ ಕಪಾಟಿನಲ್ಲಿ ಕನ್ನಡ ಮೂಲವಿದೆ, ಅನುವಾದ ಇಲ್ಲ. ತರಿಸಿಕೊಡಿ ಎಂದು ಗ್ರಂಥಾಲಯದ ವಹಿಯಲ್ಲಿ ಬರೆದು ಬಂದಿದ್ದೇನೆ. ಕೇಳಿದವರ ಹೆಸರು ಎಂಬ ಕಾಲಮ್ಮಿತ್ತು, ಅದನ್ನೂ ತುಂಬಿದೆ.